ಮನಸ್ಸನ್ನು ಗೇಟಿನಲ್ಲೇ ಬಿಟ್ಟು ಬನ್ನಿ!

ಕೆಲಸದ ಜಾಗಕ್ಕೆ ಭಾವನೆಗಳನ್ನು ತರಬಾರದು ಎಂಬುದು ದುಡಿಯುವ ಹೆಣ್ಣು ಮೊದಲ ದಿನವೇ ಕೇಳುವ ಬುದ್ಧಿಮಾತು. ಪೀಣ್ಯದ ಗಾರ್ಮೆಂಟ್ಸ್‌ನಲ್ಲಿ ಸೂಪರ್‌ವೈಸರ್ ಹೇಳುತ್ತಾನೆ, ವೈಟ್‌ಫೀಲ್ಡಿನ ಗಾಜಿನ ಕಟ್ಟಡದಲ್ಲಿ ಮ್ಯಾನೇಜರ್ ಹೇಳುತ್ತಾನೆ. ಮಾತು ಸುಳ್ಳಲ್ಲ. ಗೆಳತಿಯೆಂದು ಬಡ್ತಿ ಕೊಡುವುದು, ಆಗದವಳೆಂದು ರಜೆ ನಿರಾಕರಿಸುವುದು ಅನ್ಯಾಯವೇ. ಆದರೆ ಯಾವುದು ಭಾವನೆ, ಯಾವುದು ತತ್ವ ಎಂದು ಹೆಸರಿಡುವವರು ಯಾರು? ನನ್ನ ತಕರಾರು ಇರುವುದು ಅಲ್ಲಿ.

ನಮಗೆಲ್ಲ ಗೊತ್ತಿರುವ ಕಥೆಯೊಂದನ್ನೇ ನೋಡೋಣ. 1974ರಲ್ಲಿ ಬೆಂಗಳೂರಿನ ಟಾಟಾ ಇನ್‌ಸ್ಟಿಟ್ಯೂಟಿನಲ್ಲಿ ಓದುತ್ತಿದ್ದ ಸುಧಾ ಕುಲಕರ್ಣಿ, ಟೆಲ್ಕೋ ಕಂಪನಿಯ ಜಾಹೀರಾತು ನೋಡಿದರು. ಹೆಂಗಸರು ಅರ್ಜಿ ಹಾಕಬೇಕಿಲ್ಲ ಎಂದಿತ್ತು. ಆ ಸಿಟ್ಟಿನಲ್ಲೇ ಜೆ.ಆರ್.ಡಿ. ಟಾಟಾ ಅವರಿಗೊಂದು ಕಾರ್ಡು ಬರೆದು ಹಾಕಿದರು. ಸಂದರ್ಶನಕ್ಕೆ ಕರೆ ಬಂತು, ಕೆಲಸವೂ ಸಿಕ್ಕಿತು. ಇಲ್ಲಿ ಸಿಟ್ಟು ಕಂಪನಿಯ ನಿರ್ಧಾರವನ್ನು ಕೆಡಿಸಲಿಲ್ಲ, ತಿದ್ದಿತು. ಕಟ್ಟುನಿಟ್ಟಿನ ಭಾಷೆಯ ಆ ಜಾಹೀರಾತಿನಲ್ಲಿದ್ದದ್ದು ಬರೀ ಪೂರ್ವಗ್ರಹ.

ಮುಂದಿನ ಭಾಗವನ್ನು ನಾವು ಇನ್ನೂ ಮೆಚ್ಚಿ ಹೇಳುತ್ತೇವೆ. 1981ರಲ್ಲಿ ಇನ್ಫೋಸಿಸ್ ಶುರುವಾದಾಗ ಸುಧಾ ಮೂರ್ತಿಯವರು ತಮ್ಮ ಉಳಿತಾಯದ 10,000 ರೂಪಾಯಿ ಕೊಟ್ಟರು. ಆದರೆ ಗಂಡ, ಹೆಂಡತಿ ಇಬ್ಬರೂ ಕಂಪನಿಯಲ್ಲಿರಬಾರದು ಎಂಬುದು ನಾರಾಯಣಮೂರ್ತಿಯವರ ನಿಲುವು. ಹೊರಗುಳಿದವರು ಹೆಂಡತಿ. ಅಪ್ಪನ ಕುರ್ಚಿಗೆ ಮಗನೇ ಬರುತ್ತಿದ್ದ ಕಾಲ ಅದು. ಅವರ ಭಯಕ್ಕೆ ಅರ್ಥವಿತ್ತು. ಆದರೂ ಯೋಗ್ಯತೆಯನ್ನು ತೂಗದೆ, ಸಂಬಂಧವನ್ನಷ್ಟೇ ನೋಡಿ ಒಬ್ಬಳನ್ನು ದೂರವಿಟ್ಟರೆ, ಅದೂ ಸಂಬಂಧದ ಲೆಕ್ಕವೇ ಅಲ್ಲವೆ? 2013ರಲ್ಲಿ ಎಲೆಕ್ಟ್ರಾನಿಕ್ ಸಿಟಿಯ ಕಚೇರಿಗೆ ಮರಳಿದ ಮೂರ್ತಿಯವರು ಮಗನನ್ನು ಸಹಾಯಕರಾಗಿ ಕರೆತಂದರು. 2014ರಲ್ಲಿ ಇಬ್ಬರೂ ಹೊರನಡೆದರು. 2024ರ ಜನವರಿಯಲ್ಲಿ ಟಿ.ವಿ. ಸಂದರ್ಶನವೊಂದರಲ್ಲಿ, ಹೆಂಡತಿಯನ್ನು ದೂರವಿಟ್ಟದ್ದು ತಪ್ಪು, ಅದು ದಾರಿ ತಪ್ಪಿದ ಆದರ್ಶ ಎಂಬರ್ಥದಲ್ಲಿ ಅವರೇ ಹೇಳಿದರು. ಒಪ್ಪಿಕೊಂಡದ್ದು ದೊಡ್ಡತನ. ನಾವು ಮಾತ್ರ ಇನ್ನೂ ಆಕೆಯ ತ್ಯಾಗವನ್ನೇ ಹೊಗಳುತ್ತೇವೆ. ಆ ಕಂಪನಿ ಕಳೆದುಕೊಂಡ ಎಂಜಿನಿಯರ್ ನಮಗೆ ನೆನಪಾಗುವುದಿಲ್ಲ.

ಇನ್ನು, ಕಥೆಗಳಲ್ಲಿ ಹೆಸರೇ ಬಾರದ ಹೆಂಗಸರು. 2016ರ ಏಪ್ರಿಲ್ 18 ಮತ್ತು 19ರಂದು ಹೊಸೂರು ರಸ್ತೆ, ತುಮಕೂರು ರಸ್ತೆಗಳಲ್ಲಿ ಸಾವಿರಾರು ಗಾರ್ಮೆಂಟ್ಸ್ ಕಾರ್ಮಿಕರು ಬೀದಿಗಿಳಿದರು. ಪಿ.ಎಫ್.ನಲ್ಲಿ ಮಾಲೀಕರು ಕಟ್ಟಿದ ಪಾಲನ್ನು 58 ವರ್ಷದವರೆಗೆ ಮುಟ್ಟುವಂತಿಲ್ಲ ಎಂಬ ಹೊಸ ನಿಯಮ ಬಂದಿತ್ತು. ಬಸ್ಸುಗಳು ಸುಟ್ಟವು, ಅದನ್ನು ಯಾರೂ ಸಮರ್ಥಿಸಬೇಕಿಲ್ಲ. ಆದರೆ ಅಷ್ಟನ್ನೇ ನೋಡಿ ಉದ್ವೇಗವೆಂದು ಕರೆದವರು ಅದರೊಳಗಿದ್ದ ಲೆಕ್ಕವನ್ನು ಓದಲಿಲ್ಲ. ಹೊಲಿಗೆ ಮೆಷಿನ್ನಿನ ಮುಂದೆ 58ರವರೆಗೆ ಎಷ್ಟು ಜನ ಕೂರಬಲ್ಲರು? ಮಕ್ಕಳ ಫೀಜು, ಸಾಲದ ಬಡ್ಡಿ ಅಷ್ಟು ಕಾಲ ಕಾಯುತ್ತವೆಯೆ? ಕೇಂದ್ರ ಸರ್ಕಾರ 19ರಂದೇ ನಿಯಮವನ್ನು ಹಿಂತೆಗೆದುಕೊಂಡಿತು.

ಹಾಗಾದರೆ ಮನಸ್ಸಿಗೆ ತೋಚಿದಂತೆ ತೀರ್ಮಾನ ಮಾಡೋಣವೆ? ಬೇಡ. ಸಿಟ್ಟು ದೂರು ಕೊಡಲಿ, ತೀರ್ಪು ಕೊಡುವುದು ಬೇಡ. ನಮ್ಮವರ ವಿಷಯ ಬಂದಾಗ ಹಾಗೆಂದು ಬಾಯಿಬಿಟ್ಟು ಹೇಳಿ ಎದ್ದು ಹೋಗೋಣ, ಬೇರೆಯವರು ತೀರ್ಮಾನಿಸಲಿ. ನಮಗಾಗದವರಿಗೆ ಇಲ್ಲ ಎನ್ನುವ ಮುನ್ನ, ಬೇಕಾದವರು ಕೇಳಿದ್ದರೂ ಇಲ್ಲ ಎನ್ನುತ್ತಿದ್ದೆವೇ ಎಂದು ನೋಡಿಕೊಳ್ಳೋಣ. ಗಂಡಸಿನ ಕೋಪ ಶಿಸ್ತು, ಹೆಂಗಸಿನ ಕೋಪ ಭಾವುಕತೆ ಎನ್ನುವ ಕಚೇರಿಯಲ್ಲಿ ಮೊದಲು ಹೊರಗೆ ಹೋಗಬೇಕಾದದ್ದು ನಮ್ಮ ಮನಸ್ಸಲ್ಲ, ಆ ತಕ್ಕಡಿ.