ಉತ್ತರ ಹೇಳಬಾರದೆಂಬ ಷರತ್ತು

ವಿದ್ಯಾರ್ಥಿ ಪ್ರಶ್ನೆ ಕೇಳಿದರೆ ಉತ್ತರ ಹೇಳಕೂಡದು. ಪಾಠ ಹೇಳುವ ಕೆಲಸಕ್ಕೆ ಇಂಥ ಷರತ್ತು ಹಾಕಿ ಜನರನ್ನು ತೆಗೆದುಕೊಳ್ಳುವುದು ಅಪರೂಪ. ಅಮೆರಿಕದ ಕ್ಯಾನ್ಸಸ್ ಸಿಟಿಯಲ್ಲಿರುವ ಮಿಸೌರಿ ವಿಶ್ವವಿದ್ಯಾಲಯದಲ್ಲಿ ಡಿಯಾನ ಮಾರ್ಟಿನ್ 1973ರಲ್ಲಿ ಶುರುಮಾಡಿದ ‘ಸಪ್ಲಿಮೆಂಟಲ್ ಇನ್‌ಸ್ಟ್ರಕ್ಷನ್’ ಎಂಬ ಪದ್ಧತಿ ಸುಮಾರು ಅರ್ಧ ಶತಮಾನದಿಂದ ಈ ಷರತ್ತಿನ ಮೇಲೆಯೇ ನಿಂತಿದೆ. ಎಸ್‌ಐ ಎಂಬ ಚುಟುಕು ಹೆಸರಿನಲ್ಲಿ ಅದು ಬ್ರಿಟನ್, ಸ್ವೀಡನ್, ದಕ್ಷಿಣ ಆಫ್ರಿಕಾ, ಆಸ್ಟ್ರೇಲಿಯಾಗಳಿಗೂ ಹೋಯಿತು. ಆಸ್ಟ್ರೇಲಿಯಾದಲ್ಲಿ ‘ಪಾಸ್’ ಎಂದು ಹೆಸರು ಬದಲಿಸಿಕೊಂಡಿತು. ಹಿಂದಿನ ವರ್ಷ ಒಂದು ವಿಷಯದಲ್ಲಿ ಚೆನ್ನಾಗಿ ಪಾಸಾದ ವಿದ್ಯಾರ್ಥಿ, ಈ ವರ್ಷ ಅದೇ ವಿಷಯ ಓದುತ್ತಿರುವವರನ್ನು ವಾರಕ್ಕೆರಡು ಮೂರು ಸಲ ಕೂರಿಸಿಕೊಂಡು ಓದಿಸುತ್ತಾನೆ ಅಥವಾ ಓದಿಸುತ್ತಾಳೆ. ಮೇಲುನೋಟಕ್ಕೆ ಇದೇನೂ ಹೊಸದಲ್ಲ, ನಮ್ಮ ಯಾವ ಹಾಸ್ಟೆಲಿನಲ್ಲೂ ಕಾಣಸಿಗುವ ನೋಟ. ಹೊಸತನವಿರುವುದು ಅದರ ಕಟ್ಟುಪಾಡುಗಳಲ್ಲಿ.

ಮೊದಲ ಕಟ್ಟುಪಾಡು ಬಹಳ ಜಾಣತನದ್ದು. ಎಸ್‌ಐ ‘ದಡ್ಡ’ ವಿದ್ಯಾರ್ಥಿಗಳನ್ನು ಹುಡುಕಿಕೊಂಡು ಹೋಗುವುದಿಲ್ಲ. ಕಷ್ಟದ ವಿಷಯಗಳನ್ನು ಹುಡುಕುತ್ತದೆ. ಸುಮಾರು ಶೇಕಡ 30ರಷ್ಟು ಅಥವಾ ಅದಕ್ಕಿಂತ ಹೆಚ್ಚು ಮಂದಿ ಕಳಪೆ ಗ್ರೇಡ್ ಪಡೆಯುವ, ನಪಾಸಾಗುವ ಇಲ್ಲವೇ ನಡುವೆಯೇ ಬಿಟ್ಟುಹೋಗುವ ವಿಷಯವಾದರೆ ಅದಕ್ಕೊಬ್ಬ ‘ನಾಯಕ’ನನ್ನು, ಅಂದರೆ ಓದಿಸುವ ಆ ಹಿರಿಯ ವಿದ್ಯಾರ್ಥಿಯನ್ನು, ಕೊಡುತ್ತಾರೆ. ತರಗತಿಯ ಎಲ್ಲರಿಗೂ ಬಾಗಿಲು ತೆರೆದಿರುತ್ತದೆ, ಯಾರಿಗೂ ಒತ್ತಾಯವಿಲ್ಲ. ಹೀಗಾಗಿ ಆ ಕೋಣೆಗೆ ಹೋದವರ ಹಣೆಗೆ ‘ಹಿಂದುಳಿದವರು’ ಎಂಬ ಪಟ್ಟಿ ಅಂಟುವುದಿಲ್ಲ. ನಮ್ಮಲ್ಲಿ ‘ರೆಮಿಡಿಯಲ್ ಕ್ಲಾಸ್’ ಎಂಬ ಬೋರ್ಡು ಕಂಡ ಕೂಡಲೇ ಅರ್ಧ ಮಂದಿ ಮಾಯವಾಗುವುದನ್ನು ಬಲ್ಲವರಿಗೆ ಇದರ ಬೆಲೆ ಗೊತ್ತಾಗುತ್ತದೆ.

ಎರಡನೆಯ ಕಟ್ಟುಪಾಡೇ ಆ ಷರತ್ತು. ನಾಯಕ ಮತ್ತೊಮ್ಮೆ ಪಾಠ ಮಾಡುವಂತಿಲ್ಲ. ‘ಇದು ಹೇಗೆ ಬಂತು?’ ಎಂದು ಯಾರಾದರೂ ಕೇಳಿದರೆ ಪ್ರಶ್ನೆಯನ್ನು ಗುಂಪಿಗೇ ತಿರುಗಿಸಬೇಕು: ನಿಮ್ಮ ನೋಟ್ಸಿನಲ್ಲಿ ಏನಿದೆ, ಪಕ್ಕದವರು ಏನು ಬರೆದುಕೊಂಡಿದ್ದಾರೆ, ಮೇಷ್ಟ್ರು ಇದಕ್ಕೆ ಮೊದಲು ಯಾವ ಉದಾಹರಣೆ ಕೊಟ್ಟಿದ್ದರು? ಕೇಳಿದ ಮೇಲೆ ಕಾಯಬೇಕು. ಈ ಕಾಯುವುದೇ ಕಷ್ಟ. ಪ್ರಶ್ನೆ ಕೇಳಿದ ಶಿಕ್ಷಕರು ಸರಾಸರಿ ಒಂದು ಸೆಕೆಂಡೂ ಸುಮ್ಮನಿರಲಾರರು, ಮೂರು ಸೆಕೆಂಡು ತಡೆದರೆ ಮಕ್ಕಳ ಉತ್ತರಗಳು ಉದ್ದವಾಗುತ್ತವೆ, ಗಟ್ಟಿಯಾಗುತ್ತವೆ ಎಂದು ಶಿಕ್ಷಣ ಸಂಶೋಧಕಿ ಮೇರಿ ಬಡ್ ರೋ 1970ರ ದಶಕದಲ್ಲೇ ತೋರಿಸಿದ್ದರು. ಇಪ್ಪತ್ತರ ಹರೆಯದವರಿಗೆ ಗೊತ್ತಿರುವ ಉತ್ತರವನ್ನು ನಾಲಗೆಯ ತುದಿಯಲ್ಲಿ ತಡೆಹಿಡಿಯುವುದಕ್ಕಿಂತ ದೊಡ್ಡ ಹಿಂಸೆ ಇನ್ನೊಂದಿಲ್ಲ.

ಈ ಪದ್ಧತಿಯಿಂದ ಹೆಚ್ಚು ಬೆಳೆಯುವವರು ಯಾರು ಎಂಬ ಪ್ರಶ್ನೆಗೆ ಉತ್ತರವೂ ಈ ಹಿಂಸೆಯಲ್ಲೇ ಇದೆ. ಓದಿಸುವವರೇ ಹೆಚ್ಚು ಕಲಿಯುತ್ತಾರೆ ಎಂದು ಎಲ್ಲರೂ ಹೇಳುತ್ತಾರೆ. ಜಾನ್ ಬಾರ್ಗ್ ಮತ್ತು ಯಾಕೋವ್ ಶುಲ್ 1980ರಲ್ಲಿ ಪ್ರಕಟಿಸಿದ ಪ್ರಯೋಗ ಅದಕ್ಕೊಂದು ಹಳೆಯ ಆಧಾರ: ಪರೀಕ್ಷೆ ಬರೆಯಲಿಕ್ಕೆಂದು ಓದಿದವರಿಗಿಂತ ಬೇರೊಬ್ಬರಿಗೆ ಕಲಿಸಲಿಕ್ಕಿದೆ ಎಂದುಕೊಂಡು ಓದಿದವರು ವಿಷಯವನ್ನು ಚೆನ್ನಾಗಿ ಹಿಡಿದರು. ಲೋಗನ್ ಫಿಯೊರೆಲ್ಲ ಮತ್ತು ರಿಚರ್ಡ್ ಮೇಯರ್ 2013ರಲ್ಲಿ ಇದಕ್ಕೊಂದು ತಿದ್ದುಪಡಿ ಸೇರಿಸಿದರು. ಕಲಿಸುವ ನಿರೀಕ್ಷೆಯಿಂದ ಬಂದ ಲಾಭ ಬೇಗ ಕರಗುತ್ತದೆ. ದಿನಗಳು ಕಳೆದ ಮೇಲೂ ಉಳಿಯುವುದು ನಿಜವಾಗಿ ಕಲಿಸಿದವರ ಕಲಿಕೆ.

ಆದರೆ ಕಲಿಸಿದ್ದಷ್ಟೇ ಸಾಲದು. ರಾಡ್ ರಾಸ್ಕೊ ಮತ್ತು ಮಿಷೆಲೀನ್ ಚಿ 2007ರ ತಮ್ಮ ಸಮೀಕ್ಷೆಯಲ್ಲಿ ಸಹಪಾಠಿ ಬೋಧಕರ ಮೇಲಿನ ಹಲವು ಅಧ್ಯಯನಗಳನ್ನು ಒಟ್ಟಿಗೆ ನೋಡಿದಾಗ ಕಂಡದ್ದು ಹೊಗಳಿಕೆಗೆ ಅಷ್ಟಾಗಿ ಒದಗುವಂಥದ್ದಲ್ಲ. ಹೆಚ್ಚಿನವರು ಮಾಡುವುದು ಗೊತ್ತಿದ್ದುದನ್ನು ಒಪ್ಪಿಸುವ ಕೆಲಸ. ಪುಸ್ತಕದಲ್ಲಿದ್ದುದು ಬಾಯಿಗೆ ಬರುತ್ತದೆ, ಕೇಳುವವರು ತಲೆಯಾಡಿಸುತ್ತಾರೆ, ಹೇಳುವವರ ತಲೆಯೊಳಗೆ ಏನೂ ಅಲುಗಾಡುವುದಿಲ್ಲ. ಹೇಳುತ್ತ ಹೇಳುತ್ತ ತನ್ನ ತಿಳಿವಳಿಕೆಯನ್ನೇ ಮತ್ತೆ ಕಟ್ಟಿಕೊಳ್ಳುವವರು ಕಡಿಮೆ. ಅಂಥವರ ಬಳಿಯಲ್ಲಿ ಸಾಮಾನ್ಯವಾಗಿ ಕಠಿಣವಾದ, ‘ಯಾಕೆ’ ಎಂದು ಕೆದಕುವ ಪ್ರಶ್ನೆಗಳನ್ನು ಕೇಳುವ ವಿದ್ಯಾರ್ಥಿಗಳಿರುತ್ತಾರೆ. ಎಸ್‌ಐನ ಷರತ್ತು ಮಾಡುವುದು ಇದನ್ನೇ: ಒಪ್ಪಿಸುವ ದಾರಿಯನ್ನು ಮುಚ್ಚುತ್ತದೆ. ಉತ್ತರ ಹೇಳಲಾಗದ ನಾಯಕಿ, ಎದುರಿಗಿರುವವನ ತಪ್ಪು ಎಲ್ಲಿ ಹುಟ್ಟಿತು ಎಂದು ಊಹಿಸಬೇಕು; ಅವನನ್ನು ಅಲ್ಲಿಂದ ಹೊರಗೆ ತರುವ ಪ್ರಶ್ನೆ ಯಾವುದೆಂದು ಯೋಚಿಸಬೇಕು. ಅಷ್ಟರಲ್ಲಿ ತನಗೆ ಗೊತ್ತಿದೆ ಎಂದುಕೊಂಡದ್ದು ಬರೀ ಬಾಯಿಪಾಠ ಎಂಬುದು ಅವಳಿಗೇ ಹೊಳೆದಿರುತ್ತದೆ. ಬೆಳವಣಿಗೆ ಅಂದರೆ ಇದು. ‘ಆತ್ಮವಿಶ್ವಾಸ ಹೆಚ್ಚಿತು, ಸಂವಹನ ಕಲೆ ಬಂತು’ ಎಂಬ ಕರಪತ್ರದ ಮಾತುಗಳೆಲ್ಲ ಇದರ ನಂತರದವು.

ಕರಪತ್ರದ ಮಾತು ಬಂದದ್ದರಿಂದ ಒಂದು ಸಣ್ಣ ದೂರು. ‘ಕೇಳಿದ್ದರಲ್ಲಿ ಶೇ. 5, ಓದಿದ್ದರಲ್ಲಿ ಶೇ. 10, ಕಲಿಸಿದ್ದರಲ್ಲಿ ಶೇ. 90 ನೆನಪುಳಿಯುತ್ತದೆ’ ಎಂಬ ಪಿರಮಿಡ್ಡಿನ ಚಿತ್ರ ನಮ್ಮ ಶಿಕ್ಷಕರ ಕಾರ್ಯಾಗಾರಗಳಲ್ಲಿ ಸುತ್ತುತ್ತಲೇ ಇರುತ್ತದೆ. ಅದನ್ನು ಶಿಕ್ಷಣತಜ್ಞ ಎಡ್ಗರ್ ಡೇಲ್ ಹೆಸರಿಗೆ ಅಂಟಿಸುತ್ತಾರೆ. ಡೇಲ್ 1946ರಲ್ಲಿ ಬರೆದ ಶಂಕುವಿನಾಕೃತಿಯಲ್ಲಿ ಒಂದೂ ಶೇಕಡಾವಾರು ಇರಲಿಲ್ಲ. ಆ ಅಂಕಿಗಳ ಹಿಂದೆ ನಂಬಬಹುದಾದ ಯಾವ ಪ್ರಯೋಗವೂ ಇಲ್ಲ. ಒಳ್ಳೆಯ ಪದ್ಧತಿಯೊಂದಕ್ಕೆ ಕಟ್ಟುಕತೆಯ ಊರುಗೋಲು ಯಾಕೆ ಬೇಕು?

ಬೇಕಿದ್ದರೆ ನಮ್ಮದೇ ನೆಲದ ಸಾಕ್ಷಿ ಇದೆ. ಬಳ್ಳಾರಿಯ ಕಲೆಕ್ಟರ್ ಎ. ಡಿ. ಕ್ಯಾಂಬೆಲ್ 1823ರಲ್ಲಿ ಮದರಾಸು ಸರ್ಕಾರಕ್ಕೆ ಕಳಿಸಿದ ವರದಿಯಲ್ಲಿ ಜಿಲ್ಲೆಯ 533 ಶಾಲೆಗಳ ಲೆಕ್ಕವಿದೆ. ಅವುಗಳಲ್ಲಿ ಕನ್ನಡದವು 235, ತೆಲುಗಿನವು 226. ಓದುತ್ತಿದ್ದವರು 6,641 ಮಂದಿ. ಮುಂದುವರಿದ ಹುಡುಗರು ಹಿಂದಿರುವವರಿಗೆ ಹೇಳಿಕೊಡುವ ಏರ್ಪಾಡನ್ನು ಕ್ಯಾಂಬೆಲ್ ಮೆಚ್ಚಿಕೊಳ್ಳುತ್ತಾರೆ. ಹಾಗೆ ಹೇಳಿಕೊಡುವಾಗ ದೊಡ್ಡ ಹುಡುಗರ ವಿದ್ಯೆಯೂ ಗಟ್ಟಿಯಾಗುತ್ತದೆ, ಇಂಗ್ಲೆಂಡು ಇದನ್ನು ಅನುಕರಿಸಿದ್ದು ಸರಿಯಾಗಿಯೇ ಇದೆ ಎಂಬರ್ಥದ ಮಾತುಗಳನ್ನು ಬರೆಯುತ್ತಾರೆ. ಕ್ಯಾನ್ಸಸ್ ಸಿಟಿಗಿಂತ ಒಂದೂವರೆ ಶತಮಾನ ಮೊದಲೇ, ಲಾಭ ಕಲಿಸುವವನಿಗೂ ಇದೆ ಎಂದು ಗುರುತಿಸಿದ ಬರಹ ಇದು. ಇಂಗ್ಲೆಂಡಿಗೆ ಈ ವಿದ್ಯೆ ಹೋದದ್ದು ಆಂಡ್ರ್ಯೂ ಬೆಲ್ ಎಂಬ ಪಾದ್ರಿಯ ಮೂಲಕ. ಮದರಾಸಿನ ಎಗ್ಮೋರಿನಲ್ಲಿ ಅನಾಥ ಗಂಡುಮಕ್ಕಳ ಆಶ್ರಮವನ್ನು ನಡೆಸುತ್ತಿದ್ದ ಆತ ಇಲ್ಲಿನ ಮಕ್ಕಳು ಮರಳಿನಲ್ಲಿ ಅಕ್ಷರ ತಿದ್ದುವುದನ್ನು ಕಂಡು, ತನ್ನ ಶಾಲೆಯಲ್ಲಿ ಹುಡುಗರ ಕೈಯಲ್ಲೇ ಹುಡುಗರಿಗೆ ಪಾಠ ಹೇಳಿಸಿ, 1797ರಲ್ಲಿ ಲಂಡನ್ನಿನಲ್ಲಿ ಆ ಅನುಭವವನ್ನು ಅಚ್ಚುಹಾಕಿಸಿದ.

ಮುಂದಿನ ಕತೆ ಅಷ್ಟು ಸಂತೋಷದ್ದಲ್ಲ. ಬೆಲ್ ಮತ್ತು ಜೋಸೆಫ್ ಲ್ಯಾಂಕಾಸ್ಟರ್ ಅವರ ಕೈಯಲ್ಲಿ ಇದು ‘ಮಾನಿಟರ್’ ಪದ್ಧತಿಯಾಗಿ, ಕೈಗಾರಿಕಾ ಇಂಗ್ಲೆಂಡಿನ ಬಡಮಕ್ಕಳಿಗೆ ಅಗ್ಗದ ಶಾಲೆ ಒದಗಿಸುವ ಉಪಾಯವಾಯಿತು. ಒಬ್ಬ ಮೇಷ್ಟ್ರು, ನೂರಾರು ಮಕ್ಕಳು, ನಡುವೆ ಮಾನಿಟರುಗಳ ಸಾಲು. ಮೇಲಿನಿಂದ ಕೇಳಿದ್ದನ್ನು ಕೆಳಗೆ ಒಪ್ಪಿಸುವುದಷ್ಟೇ ಮಾನಿಟರಿನ ಕೆಲಸ. ಅವನು ಯೋಚಿಸಬೇಕೆಂದು ಯಾರೂ ನಿರೀಕ್ಷಿಸಲಿಲ್ಲ. ಹಿರಿಯ ವಿದ್ಯಾರ್ಥಿಯನ್ನು ಮೇಷ್ಟ್ರ ಖಾಲಿ ಹುದ್ದೆಗೆ ತುಂಬುವ ಸಾಮಾನಾಗಿ ನೋಡಿದ ಕೂಡಲೇ ಈ ಪದ್ಧತಿ ಸಾಯುತ್ತದೆ. ಅತಿಥಿ ಉಪನ್ಯಾಸಕರ ಮೇಲೆ ಪದವಿ ಕಾಲೇಜುಗಳು ನಡೆಯುವ ನಾಡಿನಲ್ಲಿ ಈ ಎಚ್ಚರಿಕೆಯನ್ನು ಎರಡು ಸಲ ಹೇಳಿದರೂ ತಪ್ಪಿಲ್ಲ.

ಎಸ್‌ಐನ ಪರವಾದ ಸಾಕ್ಷ್ಯವನ್ನು ಎಷ್ಟು ನಂಬಬಹುದು? 2001ರಿಂದ 2010ರವರೆಗಿನ ಅಧ್ಯಯನಗಳನ್ನು ಫಿಲಿಪ್ ಡಾಸನ್ ಮತ್ತು ಸಂಗಡಿಗರು 2014ರಲ್ಲಿ ಒರೆಗೆ ಹಚ್ಚಿದ್ದಾರೆ. ಹೋದವರ ಅಂಕ ಏರುವುದು, ನಪಾಸಾಗುವವರು ಕಡಿಮೆಯಾಗುವುದು ಅಲ್ಲಿ ಕಾಣುತ್ತದೆ. ಆದರೆ ಹಾಜರಾತಿ ಸ್ವಯಂಪ್ರೇರಿತವಾದ್ದರಿಂದ, ಹೋಗುವವರು ಮೊದಲೇ ಓದುವ ಹುಮ್ಮಸ್ಸಿನವರಾಗಿರಬಹುದಲ್ಲ ಎಂಬ ಅನುಮಾನಕ್ಕೆ ಪೂರ್ತಿ ಪರಿಹಾರ ಸಿಕ್ಕಿಲ್ಲ. ನಾಯಕರ ವಿಷಯದಲ್ಲಿ ಸಾಕ್ಷ್ಯ ಇನ್ನೂ ತೆಳು. ಬಹುಪಾಲು ಅವರದೇ ಬಾಯಿಮಾತು. ಅವಧಿ ಮುಗಿದ ಮೇಲೆ ಪ್ರಶ್ನಾವಳಿ ಕೊಟ್ಟು ‘ನೀವು ಬೆಳೆದಿರಾ?’ ಎಂದು ಕೇಳಿದರೆ ಇಲ್ಲವೆನ್ನುವವರು ಎಷ್ಟು ಜನ? ಮೇಲಾಗಿ ಅವರನ್ನು ಆರಿಸಿದ್ದೇ ಒಳ್ಳೆಯ ಅಂಕ, ಒಳ್ಳೆಯ ಮಾತುಗಾರಿಕೆ ನೋಡಿ. ಬೆಳೆದವರನ್ನೇ ತಂದು ಬೆಳೆಸಿದೆವು ಎನ್ನುವ ಅಪಾಯ ಇಲ್ಲಿದೆ.

ನಾಯಕರ ಬೆಳವಣಿಗೆಯ ವಿಷಯದಲ್ಲಿ ಹೆಚ್ಚು ಯೋಚಿಸಿ ಹೆಜ್ಜೆಯಿಟ್ಟದ್ದು ಕೊಲರಾಡೋ ವಿಶ್ವವಿದ್ಯಾಲಯದ ಬೌಲ್ಡರ್ ಕ್ಯಾಂಪಸ್. ಭೌತವಿಜ್ಞಾನ ಶಿಕ್ಷಣದ ವಲೆರಿ ಒಟೆರೊ ಮತ್ತು ಸಹೋದ್ಯೋಗಿಗಳು 2000ದ ದಶಕದ ಆರಂಭದಲ್ಲಿ ಕಟ್ಟಿದ ‘ಲರ್ನಿಂಗ್ ಅಸಿಸ್ಟೆಂಟ್’ ಯೋಜನೆಯಲ್ಲಿ ಹಿರಿಯ ವಿದ್ಯಾರ್ಥಿ ತರಗತಿಯಲ್ಲಿ ಗುಂಪುಗಳ ನಡುವೆ ಓಡಾಡುವುದಷ್ಟೇ ಅಲ್ಲ, ಪ್ರತಿ ವಾರ ಪ್ರಾಧ್ಯಾಪಕರ ಜತೆ ಕೂತು ಮುಂದಿನ ಪಾಠ ತಯಾರಿಸುತ್ತಾನೆ. ಮೊದಲ ಸೆಮಿಸ್ಟರಿನಲ್ಲಿ ಕಲಿಕೆ ಹೇಗೆ ನಡೆಯುತ್ತದೆ ಎಂಬುದರ ಬಗ್ಗೆಯೇ ಒಂದು ಕೋರ್ಸ್ ಓದುತ್ತಾನೆ. ಅಂದರೆ ಅವನು ಸಹಾಯಕನಷ್ಟೇ ಅಲ್ಲ, ಬೋಧನೆಯ ವಿದ್ಯಾರ್ಥಿಯೂ ಹೌದು. ವಿಜ್ಞಾನ ಓದುವ ಚುರುಕಾದ ಯುವಕ ಯುವತಿಯರನ್ನು ಶಾಲಾ ಶಿಕ್ಷಕ ವೃತ್ತಿಯ ಕಡೆಗೆ ಸೆಳೆಯುವುದು ಆ ಯೋಜನೆಯ ಗುರಿಗಳಲ್ಲೊಂದು. ನಾಯಕರ ಬೆಳವಣಿಗೆಯನ್ನು ಉಪ ಉತ್ಪನ್ನವೆಂದು ಬಿಡದೆ ಉದ್ದೇಶವಾಗಿಯೇ ಇಟ್ಟುಕೊಂಡದ್ದು ಇದರ ಹೆಚ್ಚುಗಾರಿಕೆ. ನಾಯಕರ ದೃಷ್ಟಿಯಿಂದ ನೋಡಿದರೆ ಬೌಲ್ಡರಿನ ಮಾದರಿ ಕ್ಯಾನ್ಸಸ್ ಸಿಟಿಯದಕ್ಕಿಂತ ಒಂದು ತೂಕ ಮೇಲು.

ಕರ್ನಾಟಕದಲ್ಲಿ ಈ ಕೆಲಸ ಹೆಸರಿಲ್ಲದೆ ನಡೆಯುತ್ತಲೇ ಇದೆ. ವಿಟಿಯು ಎಂಜಿನಿಯರಿಂಗ್ ಓದಿದವರಿಗೆ ‘ಎಂ-3’ (ಮೂರನೆಯ ಸೆಮಿಸ್ಟರಿನ ಗಣಿತ) ಎಂದರೆ ಸಾಕು, ಹೆಚ್ಚಿನ ವಿವರಣೆ ಬೇಡ. ಪರೀಕ್ಷೆಯ ಹಿಂದಿನ ರಾತ್ರಿ ಲಾಪ್ಲಾಸ್ ಪರಿವರ್ತನೆಯನ್ನು ಹೇಳಿಕೊಡುವ ಸೀನಿಯರ್ ಪ್ರತಿ ಹಾಸ್ಟೆಲಿನಲ್ಲೂ ಇರುತ್ತಾನೆ. ಕನ್ನಡ ಮಾಧ್ಯಮದಿಂದ ಬಂದ ಹುಡುಗಿಗೆ ಇಂಗ್ಲಿಷ್ ಪುಸ್ತಕದ ಪುಟವನ್ನು ಕನ್ನಡದಲ್ಲಿ ಬಿಡಿಸಿ ಹೇಳುವ ಗೆಳತಿಯರು ಅಸಂಖ್ಯ; ಯಾವ ಕಾಲೇಜಿನ ವಾರ್ಷಿಕ ವರದಿಯಲ್ಲೂ ಅವರ ಲೆಕ್ಕವಿಲ್ಲ. ಆದರೆ ಹಿಂದಿನ ರಾತ್ರಿಯ ಆ ಬೋಧನೆ ಬಹಳ ಸಲ ‘ಇದು ಬಂದೇ ಬರುತ್ತೆ, ಈ ಸ್ಟೆಪ್ ಬರೆದುಬಿಡು’ ಎಂಬಲ್ಲಿಗೆ ನಿಲ್ಲುತ್ತದೆ. ಕೇಳಿದವನು ಪಾಸಾಗುತ್ತಾನೆ, ಹೇಳಿದವನು ಇದ್ದಲ್ಲೇ ಇರುತ್ತಾನೆ. ಯುಜಿಸಿ 2019ರಲ್ಲಿ ಹೊರತಂದ ‘ದೀಕ್ಷಾರಂಭ’ ಮಾರ್ಗಸೂಚಿಯ ಗಮನವಿರುವುದು ಹೊಸಬರನ್ನು ಕಾಲೇಜಿಗೆ ಒಗ್ಗಿಸುವುದರ ಮೇಲೆ. ಆರಂಭದ ವಾರಗಳ ಉತ್ಸಾಹ ಕಳೆದು, ಸೆಮಿಸ್ಟರಿನ ನಡುವೆ ಒಂದು ಕಠಿಣ ವಿಷಯದ ಎದುರು ಒಬ್ಬಂಟಿಯಾಗಿ ನಿಂತವರಿಗೆ ಬೇಕಾದದ್ದು ಬೇರೆ.

ಈ ಪದ್ಧತಿಯನ್ನು ತರುವುದಾದರೆ ಎರಡು ಕಡೆ ಹಟ ಹಿಡಿಯಬೇಕು. ಒಂದು, ಆಯ್ಕೆ. ಎಸ್‌ಐ ಉತ್ತಮ ಅಂಕ ಕೇಳುತ್ತದೆ, ಸರಿ. ಆದರೆ ನಮ್ಮ ಕಾಲೇಜುಗಳು ಅದನ್ನು ರ‍್ಯಾಂಕ್ ಎಂದು ಓದಿಕೊಳ್ಳುವುದು ಖಚಿತ. ಮೊದಲ ಇಂಟರ್ನಲ್ಸ್‌ನಲ್ಲಿ ಎಡವಿ, ಹೇಗೋ ಹೆಣಗಾಡಿ ದಡ ಸೇರಿದವಳಿಗೆ ದಾರಿಯ ಗುಂಡಿಗಳೆಲ್ಲ ನೆನಪಿರುತ್ತವೆ. ಲೀಲಾಜಾಲವಾಗಿ ನೂರಕ್ಕೆ ನೂರು ತೆಗೆದವನಿಗೆ ಗುಂಡಿ ಇತ್ತೆಂಬುದೇ ಗೊತ್ತಿರುವುದಿಲ್ಲ. ಇನ್ನೊಂದು, ಸಂಬಳ. ಅಮೆರಿಕದ ವಿಶ್ವವಿದ್ಯಾಲಯಗಳಲ್ಲಿ ಇದು ಸಾಮಾನ್ಯವಾಗಿ ಗಂಟೆಯ ಲೆಕ್ಕದಲ್ಲಿ ಹಣ ಕೊಡುವ ಕ್ಯಾಂಪಸ್ ಕೆಲಸ. ನಮ್ಮಲ್ಲಿ ಎಂಜಿನಿಯರಿಂಗ್ ವಿದ್ಯಾರ್ಥಿಗಳು ಗಳಿಸಬೇಕಾದ 100 ಆಕ್ಟಿವಿಟಿ ಪಾಯಿಂಟ್‌ಗಳಲ್ಲಿ ಕೆಲವನ್ನು ಕೊಟ್ಟು, ಒಂದು ಸರ್ಟಿಫಿಕೇಟನ್ನೂ ಕೈಗಿತ್ತು ಮುಗಿಸುವ ಆಸೆ ಹುಟ್ಟುವುದು ಸಹಜ. ಹಾಗೆ ಮಾಡಿದರೆ ಮನೆಯಲ್ಲಿ ಅನುಕೂಲವಿದ್ದವರು ಮಾತ್ರ ಈ ಕೆಲಸಕ್ಕೆ ಬರುತ್ತಾರೆ. ಸಂಜೆ ಪಾರ್ಟ್‌ಟೈಮ್ ದುಡಿದು ಫೀಸು ಕಟ್ಟುವವರು ಹೊರಗುಳಿಯುತ್ತಾರೆ. ಹೆಚ್ಚು ಬೆಳೆಯುವುದು ನಾಯಕರೇ ಎಂದಾದರೆ ಆ ಅವಕಾಶ ಯಾರಿಗೆ ಸಿಗುತ್ತದೆ ಎಂಬುದು ನ್ಯಾಯದ ಪ್ರಶ್ನೆಯೂ ಹೌದು.

ಕಾಲೇಜಿನ ಎಲ್ಲ ವಿಷಯಕ್ಕೂ ಒಮ್ಮೆಲೇ ಸುತ್ತೋಲೆ ಹೊರಡಿಸುವ ಅಗತ್ಯವಿಲ್ಲ. ಹೆಚ್ಚು ಮಂದಿ ನಪಾಸಾಗುವ ಒಂದೇ ವಿಷಯವನ್ನು ಆರಿಸಿಕೊಂಡು, ನಾಲ್ಕೈದು ನಾಯಕರಿಗೆ ತರಬೇತಿಯನ್ನೂ ಗೌರವಧನವನ್ನೂ ಕೊಟ್ಟು, ವಾರಕ್ಕೊಮ್ಮೆ ಒಬ್ಬ ಅಧ್ಯಾಪಕರು ಅವರ ಜತೆ ಕೂರುವ ಏರ್ಪಾಡನ್ನು ಪ್ರಾಂಶುಪಾಲರು ಮುಂದಿನ ಸೆಮಿಸ್ಟರಿಗೇ ಮಾಡಬಹುದು. ಅದಕ್ಕೆ ವಿಶ್ವವಿದ್ಯಾಲಯದ ಅನುಮತಿ ಬೇಕಿಲ್ಲ.