ಬೇಟೆನಾಯಿಯ ಬಟ್ಟಲಿಗೆ ಏನು, ಎಷ್ಟು, ಯಾವಾಗ

ನವೆಂಬರ್ ತಿಂಗಳಲ್ಲಿ ಯಾರ್ಕ್‌ಶೈರಿನ ಕಾಡಂಚಿನ ಮುಳ್ಳುಪೊದೆಗೆ ಬೆಳಿಗ್ಗೆ ಒಂಬತ್ತಕ್ಕೆ ನುಗ್ಗುವ ಸ್ಪ್ರಿಂಗರ್ ಸ್ಪ್ಯಾನಿಯಲ್ ನಾಯಿಗೆ ಮಬ್ಬುಗತ್ತಲಾಗುವವರೆಗೂ ಬಿಡುವಿಲ್ಲ. ಮೈ ಒದ್ದೆ, ಕಾಲು ಕೆಸರು, ಗಾಳಿ ಕೊರೆಯುವ ಚಳಿ. ಅಡಗಿದ ಫೆಸೆಂಟ್ ಹಕ್ಕಿಯನ್ನು ಎಬ್ಬಿಸುವುದು ಅದರ ಕೆಲಸ. ಬಂದೂಕು ಹಿಡಿದವರ ಸಾಲಿನ ಹಿಂದೆ ಕೂತ ಲ್ಯಾಬ್ರಡಾರ್ ಬಿದ್ದ ಹಕ್ಕಿಯನ್ನು ಹಲ್ಲು ನಾಟಿಸದೆ ಬಾಯಲ್ಲಿ ತರಬೇಕು. ಆಗಸ್ಟಿನಲ್ಲೇ ಸ್ಕಾಟ್ಲೆಂಡಿನ ಹೆದರ್ ಗಿಡಗಳ ಬಯಲಿನಲ್ಲಿ ಗ್ರೌಸ್ ಹಕ್ಕಿ ಹುಡುಕಲು ಹೊರಡುವ ಪಾಯಿಂಟರ್ ಮತ್ತು ಸೆಟರ್‌ಗಳದ್ದು ಇನ್ನೊಂದು ಬಗೆ. ಅವು ಗಾಳಿಯ ಎದುರಿಗೆ ಅಡ್ಡಡ್ಡ ಓಡುತ್ತಾ, ವಾಸನೆ ಸಿಕ್ಕಿದ ಕ್ಷಣ ಅಲುಗಾಡದೆ ನಿಲ್ಲುತ್ತವೆ. ಇವೆಲ್ಲ ಬಂದೂಕಿನ ಬೇಟೆಗೆ ನೆರವಾಗುವ ನಾಯಿಗಳು, ಅಂದರೆ ಗನ್‌ಡಾಗ್‌ಗಳೇ. ಆದರೆ ಒಂದೇ ಚೀಲದಿಂದ, ಒಂದೇ ಅಳತೆಯಲ್ಲಿ ಇಷ್ಟಕ್ಕೂ ಊಟ ಹಾಕುವವರನ್ನು ಕಂಡಾಗ ನನಗೆ ನಿಜಕ್ಕೂ ಬೇಸರವಾಗುತ್ತದೆ. ದುಡಿಮೆ ನೋಡಿ ಊಟ ಹಾಕಬೇಕೇ ಹೊರತು ತಳಿಯ ಹೆಸರು ನೋಡಿ ಅಲ್ಲ.

ಲೆಕ್ಕ ಕಷ್ಟದ್ದಲ್ಲ. ನಾಯಿಯ ತೂಕ ದುಪ್ಪಟ್ಟಾದರೆ ಅದರ ಹಸಿವು ದುಪ್ಪಟ್ಟಾಗುವುದಿಲ್ಲ, ಸ್ವಲ್ಪ ಕಡಿಮೆಯೇ ಏರುತ್ತದೆ. ಅಮೆರಿಕದ ರಾಷ್ಟ್ರೀಯ ಸಂಶೋಧನಾ ಮಂಡಳಿ 2006ರಲ್ಲಿ ಪ್ರಕಟಿಸಿದ ಸೂತ್ರದಂತೆ 30 ಕಿಲೊ ತೂಕದ, ಹೆಚ್ಚು ಓಡಾಡದ ಲ್ಯಾಬ್ರಡಾರ್‌ಗೆ ದಿನಕ್ಕೆ ಸುಮಾರು 1,200 ಕಿಲೊಕ್ಯಾಲರಿ ಸಾಕು. ಚುರುಕಾಗಿ ಓಡಾಡುವುದಾದರೆ 1,650ರ ಆಸುಪಾಸು. ಚಳಿಯಲ್ಲಿ ಇಡೀ ದಿನ ದುಡಿದರೆ 2,400 ದಾಟಬಹುದು. 20 ಕಿಲೊದ ಸ್ಪ್ಯಾನಿಯಲ್ ಕೂಡ ಬಿರುಸಿನ ದಿನಗಳಲ್ಲಿ ತನಗಿಂತ ಹತ್ತು ಕಿಲೊ ಹೆಚ್ಚು ತೂಗುವ ಮನೆನಾಯಿಗಿಂತ ಹೆಚ್ಚು ತಿನ್ನಬೇಕಾಗಬಹುದು. ಅಲಾಸ್ಕಾದ ಇಡಿಟರಾಡ್ ಓಟದಲ್ಲಿ ಹಿಮಗಾಡಿ ಎಳೆಯುವ ನಾಯಿಗಳು ದಿನಕ್ಕೆ 10,000 ಕಿಲೊಕ್ಯಾಲರಿ ಉರಿಸುತ್ತವೆಂದು ಓದಿದವರು ವಾರಕ್ಕೊಮ್ಮೆ ಕಾಡಿಗೆ ಹೋಗುವ ತಮ್ಮ ನಾಯಿಗೂ ಅದೇ ಧಾರಾಳ ತೋರುತ್ತಾರೆ. ಆ ನಾಯಿಗಳು ದಿನಗಟ್ಟಲೆ ಹಿಮದಲ್ಲಿ ಓಡುತ್ತವೆ. ಶನಿವಾರ ದುಡಿದು ಭಾನುವಾರದಿಂದ ಶುಕ್ರವಾರದವರೆಗೆ ಒಲೆಯ ಮುಂದೆ ಮಲಗುವ ನಾಯಿಗೆ ಆ ಲೆಕ್ಕ ಹೊಂದುವುದಿಲ್ಲ.

ಇನ್ನು ಇಂಧನದ ವಿಷಯ. ನನ್ನ ಮಟ್ಟಿಗೆ ಇಡೀ ಚರ್ಚೆಯ ತಿರುಳು ಇದೇ. ದೂರದ ಓಟಕ್ಕೆ ಮೊದಲು ಮನುಷ್ಯ ಅನ್ನ, ಪಾಸ್ತಾ ತಿಂದು ಸ್ನಾಯುಗಳಲ್ಲಿ ಸಕ್ಕರೆ ತುಂಬಿಕೊಳ್ಳುತ್ತಾನೆ. ನಾಯಿಯ ದೇಹ ಹಾಗೆ ನಡೆಯುವುದಿಲ್ಲ. ಗಂಟೆಗಟ್ಟಲೆ ಹದವಾದ ವೇಗದಲ್ಲಿ ಓಡುವಾಗ ಅದರ ಸ್ನಾಯುಗಳು ಮುಖ್ಯವಾಗಿ ಕೊಬ್ಬನ್ನೇ ಉರಿಸುತ್ತವೆ, ಆ ಕಲೆಯಲ್ಲಿ ಅವು ಮನುಷ್ಯನನ್ನು ಎಷ್ಟೋ ಮೀರಿಸುತ್ತವೆ. ಗ್ರಾಂ ಲೆಕ್ಕದಲ್ಲಿ ಪಿಷ್ಟಕ್ಕಿಂತ ಕೊಬ್ಬು ಕೊಡುವ ಶಕ್ತಿ ಎರಡು ಪಟ್ಟಿಗೂ ಹೆಚ್ಚು. ಆದ್ದರಿಂದ ಬೇಟೆಯ ಋತುವಿನ ಉದ್ದಕ್ಕೂ ದುಡಿಯುವ ನಾಯಿಗೆ ಶೇ 18ರಿಂದ 20ರಷ್ಟು ಕೊಬ್ಬು, ಶೇ 26ರಿಂದ 30ರಷ್ಟು ಪ್ರೋಟೀನ್ ಇರುವ ಒಣ ಆಹಾರ ನನ್ನ ಆಯ್ಕೆ. ಶೇ 10 ಕೊಬ್ಬಿನ ಸಾಮಾನ್ಯ ಆಹಾರದಲ್ಲಿ 2,400 ಕಿಲೊಕ್ಯಾಲರಿ ತುಂಬಿಸಲು ಸುಮಾರು 700 ಗ್ರಾಂ ಬೇಕು, ಕೊಬ್ಬು ಹೆಚ್ಚಿರುವುದಾದರೆ 570 ಗ್ರಾಂ ಸಾಕು. ಹೊಟ್ಟೆ ಹಗುರ, ಮಲವೂ ಕಡಿಮೆ.

ಪ್ರೋಟೀನ್‌ಗೆ ಜನ ಕೊಡುವ ಮರ್ಯಾದೆ ಸ್ವಲ್ಪ ಅತಿಯಾಯಿತೆಂದು ನನಗೆ ಅನಿಸುತ್ತದೆ. ಹಾಗೆಂದು ಅದನ್ನು ಕಡಿಮೆ ಮಾಡಿದರೂ ತೊಂದರೆಯೇ. ಹಿಮಗಾಡಿ ನಾಯಿಗಳ ಮೇಲೆ ನಡೆದ ಅಧ್ಯಯನದಲ್ಲಿ ಪ್ರೋಟೀನ್ ಅತಿ ಕಡಿಮೆ ಸಿಕ್ಕ ಗುಂಪಿಗೆ ಋತುವಿನಲ್ಲಿ ಸ್ನಾಯು, ಕೀಲಿನ ಗಾಯಗಳು ಹೆಚ್ಚಾಗಿದ್ದವು. ಇನ್ನೊಂದು ತುದಿಯಲ್ಲಿ, ಓಟದ ಗ್ರೇಹೌಂಡ್‌ಗಳಿಗೆ ಪಿಷ್ಟ ತಗ್ಗಿಸಿ ಪ್ರೋಟೀನ್ ಏರಿಸಿದಾಗ ಓಟ ತುಸು ನಿಧಾನವಾಯಿತು. ಅರ್ಧ ನಿಮಿಷದಲ್ಲಿ ಮುಗಿಯುವ ಬಿರುಗಾಳಿ ಓಟಕ್ಕೆ ಸಕ್ಕರೆ ಬೇಕು, ದಿನವಿಡೀ ಹುಡುಕುವ ಕೆಲಸಕ್ಕೆ ಕೊಬ್ಬು ಬೇಕು. ನಮ್ಮ ಮುಧೋಳ ನಾಯಿ ಗ್ರೇಹೌಂಡ್ ಜಾತಿಗೆ ಸೇರಿದ ಓಟಗಾರ, ಕಣ್ಣಿಂದ ಬೇಟೆ ಹಿಡಿಯುವ ನಾಯಿ. ಹಾಲಿನ ಜೊತೆ ಜೋಳದ ಇಲ್ಲವೇ ಗೋಧಿಯ ನುಚ್ಚು ಹಾಕಿ ಸಾಕುವ ಬಾಗಲಕೋಟೆ ಸೀಮೆಯ ರೈತನಿಗೆ ವಿಜ್ಞಾನ ಗೊತ್ತಿಲ್ಲ ಎಂದುಕೊಳ್ಳಬೇಡಿ. ಒಂದು ಮೊಟ್ಟೆ, ಒಂದಿಷ್ಟು ಮಾಂಸ ಸೇರಿದರೆ ಆ ಕೆಲಸಕ್ಕೆ ಅದು ಒಳ್ಳೆಯ ಊಟವೇ. ನಾಯಿ ಪಿಷ್ಟವನ್ನು ಅರಗಿಸಿಕೊಳ್ಳಲಾರದು ಎಂಬ ಮಾತು ತಪ್ಪೆಂದು 2013ರಲ್ಲಿ ಸ್ವೀಡನ್ನಿನ ಸಂಶೋಧಕರು ತೋರಿಸಿದರು. ಪಿಷ್ಟ ಒಡೆಯುವ ಕಿಣ್ವದ ವಂಶವಾಹಿ ತೋಳದಲ್ಲಿ ಸಾಮಾನ್ಯವಾಗಿ ಒಂದು ಜೋಡಿ ಮಾತ್ರ, ನಾಯಿಯಲ್ಲಿ ಅದರ ಪ್ರತಿಗಳು ಹಲವು ಪಟ್ಟು ಹೆಚ್ಚು. ಮನುಷ್ಯನ ಜೊತೆ ಹೊಲದ ಬದಿಗೆ ಬಂದು ನೆಲೆಸಿದ ಪ್ರಾಣಿಯ ಮೈಯಲ್ಲಿ ಆ ಇತಿಹಾಸ ಉಳಿದಿದೆ.

ಬ್ರಿಟನ್ನಿನ ಹಳೆಯ ಬೇಟೆಮನೆಗಳಲ್ಲೂ ಧಾನ್ಯವೇ ಊಟದ ಬುನಾದಿ. ನರಿಬೇಟೆಯ ನಾಯಿಗಳ ಬಗ್ಗೆ 1781ರಲ್ಲಿ ಪುಸ್ತಕ ಬರೆದ ಪೀಟರ್ ಬೆಕ್‌ಫರ್ಡ್‌ನ ಕಾಲಕ್ಕೆ ಓಟ್ಸ್ ಗಂಜಿಯ ಜೊತೆ ಬೇಯಿಸಿದ ಕುದುರೆ ಮಾಂಸ ಹಾಕುವುದು ರೂಢಿಯಾಗಿತ್ತು. 1860ರ ದಶಕದಲ್ಲಿ ಜೇಮ್ಸ್ ಸ್ಪ್ರಾಟ್ ಎಂಬ ಅಮೆರಿಕನ್ ಲಂಡನ್ನಿನಲ್ಲಿ ನಾಯಿ ಬಿಸ್ಕತ್ತು ತಯಾರಿಸಿ ಬೇಟೆಯ ಹವ್ಯಾಸವಿದ್ದ ಜಮೀನ್ದಾರರಿಗೆ ಮಾರಿದ. ಅವನ ಕಂಪನಿಯಲ್ಲಿ ದುಡಿದ ಚಾರ್ಲ್ಸ್ ಕ್ರಫ್ಟ್ 1891ರಲ್ಲಿ ಶುರುಮಾಡಿದ ನಾಯಿ ಪ್ರದರ್ಶನವೇ ಇಂದಿನ ಕ್ರಫ್ಟ್ಸ್.

ಈಗ ಅಂಗಡಿಯ ಚೀಲಕ್ಕೆ ಬರೋಣ. ಬ್ರಿಟನ್ನಿನಲ್ಲಿ ಸಾಕುನಾಯಿಯ ಆಹಾರಕ್ಕೆ ಶೇ 20 ವ್ಯಾಟ್ ಇದೆ. ಗನ್‌ಡಾಗ್, ಕುರಿನಾಯಿ, ಓಟದ ಗ್ರೇಹೌಂಡ್‌ಗಳಿಗೆಂದೇ ಮಾರುವ ಆಹಾರಕ್ಕೆ, ಬಿಸ್ಕತ್ತಿನಂಥ ಕೆಲವನ್ನು ಬಿಟ್ಟು, ಆ ತೆರಿಗೆ ಇಲ್ಲ. ಹೀಗಾಗಿ ದುಡಿಯುವ ನಾಯಿಗೆ ಎಂಬ ಮುದ್ರೆ ಹೊತ್ತ ಚೀಲಗಳು ರಾಶಿ ರಾಶಿ ಸಿಗುತ್ತವೆ, ಅವುಗಳಲ್ಲಿ ಕೆಲವುಗಳ ಕೊಬ್ಬಿನಂಶ ಸೋಫಾ ಮೇಲೆ ಮಲಗುವ ನಾಯಿಯ ಆಹಾರಕ್ಕಿಂತ ಹೆಚ್ಚೇನೂ ಇರುವುದಿಲ್ಲ. ಮುಂಭಾಗದ ಚಿತ್ರ ಬಿಟ್ಟು ಹಿಂಭಾಗದ ಕೋಷ್ಟಕ ಓದಿ. ಕೊಬ್ಬಿನ ಶೇಕಡಾವಾರು, ಪ್ರೋಟೀನ್, ನೂರು ಗ್ರಾಂಗೆ ಎಷ್ಟು ಕಿಲೊಕ್ಯಾಲರಿ, ಇಷ್ಟು ಸಿಕ್ಕರೆ ನಿರ್ಧಾರ ನಿಮ್ಮ ಕೈಯಲ್ಲಿ. ಧಾನ್ಯವಿಲ್ಲದ್ದು ಎಂದು ದುಪ್ಪಟ್ಟು ಬೆಲೆಗೆ ಮಾರುವುದನ್ನು ನಾನು ಯಾರಿಗೂ ಶಿಫಾರಸು ಮಾಡುವುದಿಲ್ಲ. ಬಟಾಣಿ, ಕಾಳುಗಳನ್ನು ಹೆಚ್ಚಾಗಿ ಬಳಸಿದ ಅಂಥ ಆಹಾರಗಳಿಗೂ ಹೃದಯ ಹಿಗ್ಗುವ ಕಾಯಿಲೆಗೂ ನಂಟಿದೆಯೇ ಎಂದು ಅಮೆರಿಕದ ಆಹಾರ ಮತ್ತು ಔಷಧ ಆಡಳಿತ 2018ರಲ್ಲಿ ತನಿಖೆ ಶುರುಮಾಡಿತು. ನಂಟು ಖಚಿತವಾಗಿ ಸಾಬೀತಾಗಿಲ್ಲ. ಆದರೂ ದುಡಿಯುವ ನಾಯಿಯ ಹೃದಯವನ್ನು ಪಣಕ್ಕಿಡಲು ಯಾವ ಕಾರಣವೂ ನನಗೆ ಕಾಣುವುದಿಲ್ಲ.

ಹಸಿಮಾಂಸವೇ ಸಹಜ ಆಹಾರ ಎನ್ನುವ ಪಂಥವೂ ಬೇಟೆಗಾರರಲ್ಲಿ ಬಲವಾಗಿದೆ. ಜಾನುವಾರಿನ ತೊಳೆಯದ ಜಠರ, ಮೊಲ, ತಾವೇ ಹೊಡೆದ ಹಕ್ಕಿ ಎಲ್ಲವೂ ನಾಯಿಯ ಬಟ್ಟಲಿಗೆ ಹೋಗುತ್ತವೆ. ನಾಯಿಗೆ ಅದು ರುಚಿ, ನಿಜ. ಸಾಲ್ಮೊನೆಲ್ಲಾ, ಲಾಡಿಹುಳುಗಳ ಅಪಾಯ ಎಲ್ಲರಿಗೂ ಗೊತ್ತಿರುವುದೇ. ಗೊತ್ತಿಲ್ಲದ ಒಂದು ಅಪಾಯವೆಂದರೆ ಸೀಸ. ಬ್ರಿಟನ್ನಿನಲ್ಲಿ ಮಾರುವ ಹಸಿ ಫೆಸೆಂಟ್ ಮಾಂಸದ ನಾಯಿ ಆಹಾರವನ್ನು ಕೇಂಬ್ರಿಜ್ ವಿಶ್ವವಿದ್ಯಾಲಯದ ಸಂಶೋಧಕರು ಪರೀಕ್ಷಿಸಿ 2023ರಲ್ಲಿ ವರದಿ ಪ್ರಕಟಿಸಿದರು. ಬಹುಪಾಲು ಮಾದರಿಗಳಲ್ಲಿ ಸೀಸ ಕಾನೂನಿನ ಮಿತಿ ಮೀರಿತ್ತು. ಹಕ್ಕಿಯ ಮೈಯೊಳಗೆ ಚೂರಾದ ಗುಂಡಿನ ಕಣಗಳು ಕೊಚ್ಚಿದ ಮಾಂಸದ ಜೊತೆ ಬೆರೆತು ಹೋಗಿರುತ್ತವೆ. ಇಡೀ ಋತು ತನಗಾಗಿ ಓಡಿದ ನಾಯಿಗೆ ತನ್ನದೇ ಬಂದೂಕಿನ ವಿಷ ಉಣಿಸುವುದನ್ನು ಯಾವ ಬೇಟೆಗಾರನೂ ಸಹಿಸಬಾರದು. ಸೀಸದ ಗುಂಡಿನಿಂದ ಹೊಡೆದ ಹಕ್ಕಿಯನ್ನು ಬಟ್ಟಲಿಗೆ ಹಾಕಲೇಬೇಡಿ.

ಕೊಬ್ಬೆಂದರೆ ಯಾವ ಕೊಬ್ಬಾದರೂ ಆದೀತೇ? ಗನ್‌ಡಾಗ್‌ನ ಆಸ್ತಿ ಅದರ ಮೂಗು, ಆದ್ದರಿಂದ ಈ ಪ್ರಶ್ನೆಗೆ ತೂಕವಿದೆ. ಅಮೆರಿಕದ ಆಬರ್ನ್ ವಿಶ್ವವಿದ್ಯಾಲಯದಲ್ಲಿ ಇಂಗ್ಲಿಷ್ ಪಾಯಿಂಟರ್‌ಗಳಿಗೆ ಬೇರೆ ಬೇರೆ ಕೊಬ್ಬು ಹಾಕಿ, ಓಡಿಸಿ, ವಾಸನೆ ಹಿಡಿಯುವ ಶಕ್ತಿಯನ್ನು ಅಳೆದರು. ಕೊಬ್ಬರಿ ಎಣ್ಣೆಯಂಥ ಗಟ್ಟಿ ಕೊಬ್ಬು ಮೂಗನ್ನು ಮಂಕಾಗಿಸಬಹುದು ಎಂಬ ಸೂಚನೆ 2003ರ ಆ ಅಧ್ಯಯನದಲ್ಲಿತ್ತು. ಮುಂದೆ ಸ್ಫೋಟಕ ಪತ್ತೆಹಚ್ಚುವ ನಾಯಿಗಳ ಮೇಲೆ ನಡೆದ ಪ್ರಯೋಗದಲ್ಲಿ, ಪ್ರೋಟೀನ್ ತಗ್ಗಿಸಿ ಮೆಕ್ಕೆಜೋಳದ ಎಣ್ಣೆ ಸೇರಿಸಿದ ಊಟ ತಿಂದ ನಾಯಿಗಳು ಹೆಚ್ಚು ಚೆನ್ನಾಗಿ ಪತ್ತೆ ಮಾಡಿದವು. ಹೆಚ್ಚು ಬೆವರದ ನಾಯಿ ಮುಖ್ಯವಾಗಿ ನಾಲಿಗೆ ಚಾಚಿ ಏದುಸಿರು ಬಿಟ್ಟೇ ಮೈ ತಣಿಸಿಕೊಳ್ಳಬೇಕು. ಏದುಸಿರು ಬಿಡುವ ನಾಯಿ ಸರಿಯಾಗಿ ಮೂಸಲಾರದು. ಮೂಗಿನ ಕೆಲಸಕ್ಕೆ ನೀರು ಮತ್ತು ದೇಹದ ತಾಲೀಮು ಯಾಕೆ ಇಷ್ಟು ಮುಖ್ಯವೆಂಬುದು ಇಲ್ಲೇ ತಿಳಿಯುತ್ತದೆ. ಕರಾವಳಿಯ ಮನೆಗಳಲ್ಲಿ ರೋಮ ಹೊಳೆಯಲೆಂದು ಕೊಬ್ಬರಿ ಎಣ್ಣೆ ಬೆರೆಸುವ ಅಭ್ಯಾಸ ಉಂಟು. ಮನೆಯಲ್ಲೇ ಇರುವ ನಾಯಿಗೆ ಒಂದು ಚಮಚದಿಂದ ಏನೂ ಆಗದು, ಪೊಲೀಸ್ ದಳದ ಲ್ಯಾಬ್ರಡಾರ್‌ಗೆ ಮಾತ್ರ ನಾನು ಮೆಕ್ಕೆಜೋಳದ ಎಣ್ಣೆಯನ್ನೇ ಆರಿಸುತ್ತೇನೆ.

ಏನು ಹಾಕಬೇಕೆಂದು ತಿಂಗಳುಗಟ್ಟಲೆ ಚರ್ಚಿಸುವವರು ಯಾವಾಗ ಹಾಕಬೇಕೆಂದು ಯೋಚಿಸುವುದೇ ಇಲ್ಲ. ಬೆಳಿಗ್ಗೆ ಹೊಟ್ಟೆ ತುಂಬಾ ತಿನ್ನಿಸಿ ಕಾಡಿಗೆ ಕರೆದೊಯ್ಯುವುದು ಎರಡು ಕಾರಣಕ್ಕೆ ತಪ್ಪು. ಪಿಷ್ಟದ ಊಟ ಮಾಡಿದ ಮೇಲೆ ರಕ್ತದಲ್ಲಿ ಇನ್ಸುಲಿನ್ ಏರಿ, ದೇಹ ತನ್ನ ಕೊಬ್ಬನ್ನು ಬಿಡುಗಡೆ ಮಾಡದೆ ಹಿಡಿದಿಟ್ಟುಕೊಳ್ಳುತ್ತದೆ. ಆ ಹೊತ್ತಿಗೆ ಬೇಕಾಗಿದ್ದ ಇಂಧನವೇ ಸಿಗುವುದಿಲ್ಲ. ಎರಡನೆಯದು ಇನ್ನೂ ಗಂಭೀರ. ಸೆಟರ್, ವೈಮರಾನರ್‌ನಂಥ ಎದೆಗೂಡು ಆಳವಿರುವ ತಳಿಗಳಲ್ಲಿ ತುಂಬಿದ ಜಠರ ಉಬ್ಬಿ ತಿರುಚಿಕೊಂಡರೆ ಕೆಲವೇ ಗಂಟೆಗಳಲ್ಲಿ ನಾಯಿ ಸಾಯುತ್ತದೆ, ಶಸ್ತ್ರಚಿಕಿತ್ಸೆಯೊಂದೇ ದಾರಿ. ಆದ್ದರಿಂದ ದಿನದ ಮುಖ್ಯ ಊಟ ಸಂಜೆಗೆ. ಕೆಲಸ ಮುಗಿಸಿ, ಮೈ ಒರೆಸಿ, ನೀರು ಕುಡಿದು, ಒಂದು ಗಂಟೆ ವಿಶ್ರಾಂತಿ ಪಡೆದ ಮೇಲೆ. ಬೆಳಿಗ್ಗೆ ಕೊಡಲೇಬೇಕೆನಿಸಿದರೆ ಹೊರಡುವ ಎರಡು ಮೂರು ಗಂಟೆ ಮುಂಚೆ ಒಂದು ಹಿಡಿ.

ಇದಕ್ಕೊಂದು ಅಪವಾದ ಇದೆ. ಕೆಲವು ಸಣಕಲು, ಚಡಪಡಿಕೆಯ ಸ್ಪ್ಯಾನಿಯಲ್‌ಗಳು ಕೆಲಸ ಶುರುವಾದ ಒಂದೆರಡು ಗಂಟೆಯಲ್ಲಿ ತೂರಾಡಲು ತೊಡಗುತ್ತವೆ, ಕರೆದರೆ ಓಗೊಡುವುದಿಲ್ಲ, ಕೆಲವೊಮ್ಮೆ ಕುಸಿದುಬೀಳುತ್ತವೆ. ರಕ್ತದ ಸಕ್ಕರೆ ಇಳಿದಿರುತ್ತದೆ. ಅಂಥ ನಾಯಿಗೆ ಬೆಳಗಿನ ಹಗುರ ಊಟ ಬೇಕು, ನಡುನಡುವೆ ಚಿಕ್ಕ ತುತ್ತುಗಳೂ ಬೇಕು. ಜೇಬಿನಲ್ಲಿ ಅದರದೇ ಆಹಾರದ ಕಾಳುಗಳಿದ್ದರೆ ಸಾಕು. ಮಧ್ಯಾಹ್ನ ಬೇಟೆಗಾರರು ಹಂಚಿಕೊಳ್ಳುವ ಹಣ್ಣಿನ ಕೇಕು ಖಂಡಿತ ಬೇಡ, ಅದರೊಳಗಿನ ಒಣದ್ರಾಕ್ಷಿ ನಾಯಿಯ ಮೂತ್ರಪಿಂಡವನ್ನು ಕೆಡಿಸಬಲ್ಲದು. ಸಕ್ಕರೆರಹಿತ ಎಂದು ಬರೆದ ಕಡಲೆಕಾಯಿ ಬೆಣ್ಣೆಯಲ್ಲಿ ಕ್ಸೈಲಿಟಾಲ್ ಇದ್ದರೆ ಅದು ರಕ್ತದ ಸಕ್ಕರೆಯನ್ನು ಇನ್ನಷ್ಟು ಇಳಿಸಿ ಪ್ರಾಣಕ್ಕೇ ಎರವಾಗುತ್ತದೆ. ನಮ್ಮ ಮನೆಗಳ ಮಟ್ಟಿಗೆ ಈರುಳ್ಳಿ ಹಾಕಿದ ಹುಳಿ, ಪಲ್ಯವನ್ನೂ ಈ ಪಟ್ಟಿಗೆ ಸೇರಿಸಿ. ಈರುಳ್ಳಿ ನಾಯಿಯ ಕೆಂಪು ರಕ್ತಕಣಗಳನ್ನು ಒಡೆಯುತ್ತದೆ.

ಹೊಸ ಆಹಾರಕ್ಕೆ ಹೊರಳುವುದಾದರೆ ಏಳರಿಂದ ಹತ್ತು ದಿನ ತೆಗೆದುಕೊಂಡು ಹಳೆಯದಕ್ಕೆ ಸ್ವಲ್ಪ ಸ್ವಲ್ಪವೇ ಬೆರೆಸಿ. ಕೊಬ್ಬು ಉರಿಸುವ ಸಾಮರ್ಥ್ಯ ಸ್ನಾಯುಗಳಲ್ಲಿ ಬೆಳೆಯಲು ವಾರಗಳೇ ಬೇಕು. ಆದ್ದರಿಂದ ಋತುವಿಗೆ ಆರೆಂಟು ವಾರ ಮುಂಚೆ ತಾಲೀಮಿನ ಜೊತೆಗೇ ಇದನ್ನು ಶುರುಮಾಡಬೇಕು. ಗ್ರೌಸ್ ಬೇಟೆ ಆಗಸ್ಟ್ 12ಕ್ಕೆ, ಇಂಗ್ಲೆಂಡಿನಲ್ಲಿ ಫೆಸೆಂಟ್ ಬೇಟೆ ಅಕ್ಟೋಬರ್ 1ಕ್ಕೆ ತೆರೆಯುತ್ತದೆ. ಫೆಸೆಂಟ್ ಬೇಟೆಯ ಬಾಗಿಲು ಮುಚ್ಚುವುದು ಫೆಬ್ರವರಿ 1ಕ್ಕೆ.

ಹೆಚ್ಚಿನ ನಾಯಿಗಳ ಆರೋಗ್ಯ ಕೆಡುವುದು ಅಲ್ಲಿಂದ ಮುಂದೆ. ಓಟ ನಿಲ್ಲುತ್ತದೆ, ಬಟ್ಟಲು ಮಾತ್ರ ಜನವರಿಯಷ್ಟೇ ತುಂಬಿರುತ್ತದೆ. ಲ್ಯಾಬ್ರಡಾರ್‌ಗಳಲ್ಲಿ ಇದು ಬೇಗ ಕಾಣುತ್ತದೆ. ಸುಮಾರು ಕಾಲು ಭಾಗದಷ್ಟು ಲ್ಯಾಬ್ರಡಾರ್‌ಗಳಲ್ಲಿ ಪಿಒಎಂಸಿ ಎಂಬ ವಂಶವಾಹಿಯ ಒಂದು ತುಣುಕು ಇಲ್ಲವೆಂದು ಕೇಂಬ್ರಿಜ್‌ನ ಎಲೀನರ್ ರಾಫನ್ ಮತ್ತು ಸಂಗಡಿಗರು 2016ರಲ್ಲಿ ತೋರಿಸಿದರು. ಇಂಥ ನಾಯಿಗಳು ಹೆಚ್ಚು ತೂಗುತ್ತವೆ, ಆಹಾರಕ್ಕಾಗಿ ಹೆಚ್ಚು ಹಂಬಲಿಸುತ್ತವೆ. ಅವು ಆಡುವ ನಾಟಕವಲ್ಲ ಅದು, ಹಸಿವು ನಿಜವಾದದ್ದೇ. ಅಷ್ಟಾಗಿಯೂ ಅದಕ್ಕೆ ಮಣಿಯಬಾರದೆಂದು ನಾನು ಗಟ್ಟಿಯಾಗಿ ಹೇಳುತ್ತೇನೆ. ಪ್ಯೂರಿನಾ ಕಂಪನಿ 48 ಲ್ಯಾಬ್ರಡಾರ್‌ಗಳನ್ನು ಜೋಡಿ ಮಾಡಿ, ಪ್ರತಿ ಜೋಡಿಯ ಒಂದಕ್ಕೆ ಇನ್ನೊಂದು ತಿಂದದ್ದಕ್ಕಿಂತ ಶೇ 25 ಕಡಿಮೆ ಹಾಕುತ್ತಾ ಜೀವಮಾನವಿಡೀ ಗಮನಿಸಿತು. 2002ರಲ್ಲಿ ಪ್ರಕಟವಾದ ಫಲಿತಾಂಶದಂತೆ ಕಡಿಮೆ ತಿಂದ ಗುಂಪಿನ ಮಧ್ಯಾಂಕ ಆಯುಷ್ಯ 13 ವರ್ಷ, ಇನ್ನೊಂದರದ್ದು 11.2. ಸಂಧಿವಾತವೂ ತಡವಾಗಿ ಬಂತು. ಸುಮಾರು ಎರಡು ವರ್ಷದ ಬಾಳು, ಅದೂ ನೋವು ಕಡಿಮೆಯ ಬಾಳು, ಬರಿಯ ಅಳತೆಯಿಂದ.

1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ನಂತರ ನಮ್ಮಲ್ಲಿ ಗನ್‌ಡಾಗ್‌ನ ಬೇಟೆಯ ಕೆಲಸ ಉಳಿದಿಲ್ಲ. ಪೊಲೀಸ್ ದಳಗಳಲ್ಲಿ ಮೂಗಿನ ಕೆಲಸ ಮಾಡುವ ಲ್ಯಾಬ್ರಡಾರ್‌ಗಳನ್ನು ಬಿಟ್ಟರೆ ಬೆಂಗಳೂರಿನ ಫ್ಲ್ಯಾಟುಗಳಲ್ಲಿರುವ ಬಹುತೇಕ ಲ್ಯಾಬ್ರಡಾರ್‌ಗಳಿಗೆ ವರ್ಷವಿಡೀ ಫೆಬ್ರವರಿಯೇ. ಕ್ರಿಯಾಶೀಲ ನಾಯಿಗಳಿಗೆ ಎಂಬ ದುಬಾರಿ ಚೀಲ ಅವಕ್ಕೆ ಬೇಡ, ಶೇ 10ರಿಂದ 12 ಕೊಬ್ಬಿನದು ಸಾಕು. ಅಳತೆ ಸರಿಯೇ ಎಂದು ನೋಡಲು ಮುಷ್ಟಿ ಬಿಗಿಹಿಡಿದು ಗೆಣ್ಣುಗಳನ್ನು ಸವರಿ: ನಾಯಿಯ ಪಕ್ಕೆಲುಬು ಹಾಗೆ ಎದ್ದು ಸಿಕ್ಕಿದರೆ ಊಟ ಸಾಲದು. ಕೈ ಬಿಚ್ಚಿ ಬೆರಳುಗಳ ಹಿಂಬದಿ ಮುಟ್ಟಿದ ಹಾಗಿದ್ದರೆ ಸರಿ. ಅಂಗೈಯ ಮೆತ್ತೆಯಂತಿದ್ದರೆ ನಾಳೆಯಿಂದಲೇ ಹತ್ತನೇ ಒಂದು ಭಾಗ ತಗ್ಗಿಸಿ, ತಿನಿಸುಗಳನ್ನೂ ಆ ಲೆಕ್ಕದೊಳಗೇ ಸೇರಿಸಿ, ಹದಿನೈದು ದಿನ ಬಿಟ್ಟು ಮತ್ತೆ ತೂಗಿ ನೋಡಿ. ನಡುವೆ ತಟ್ಟೆಯ ಹತ್ತಿರ ಬಂದು ಕೂತರೆ ಸೌತೆಕಾಯಿಯ ಎರಡು ಹೋಳು ಕೊಡಿ.