ಉಬ್ಬಿದ್ದೆಲ್ಲ ಶಿಲ್ಪವೇ?

ಮೈಸೂರು ಶೈಲಿಯ ಚಿತ್ರಗಳಲ್ಲಿ ಚಿನ್ನದ ರೇಕಿನಡಿ ಉಬ್ಬಿ ನಿಂತ ಜೆಸ್ಸೊ ಕೆಲಸವನ್ನು ಕಂಡವರು, ಚಿತ್ರ ಶಿಲ್ಪದತ್ತ ಹೊರಳುವ ಹಾದಿ ನಮ್ಮಲ್ಲಿ ಆಗಲೇ ತೆರೆದಿತ್ತು, ಇಂದಿನ ಮಿಶ್ರಮಾಧ್ಯಮದ ಕಲೆ ಅದರದೇ ಮುಂದುವರಿಕೆ ಎನ್ನುವುದುಂಟು. ಕೇಳಲು ಹಿತವಾದ ಮಾತು. ಶ್ರೀರಂಗಪಟ್ಟಣದ ಗೋಡೆಯನ್ನೂ ಕೆ.ಆರ್. ಪೇಟೆ ಸೀಮೆಯ ಕಲ್ಲನ್ನೂ ಒಟ್ಟಿಗೆ ಇಟ್ಟು ನೋಡಿದರೆ ಅದು ನಿಲ್ಲುವುದಿಲ್ಲ.

1784ರಲ್ಲಿ ಟಿಪ್ಪು ಶ್ರೀರಂಗಪಟ್ಟಣದಲ್ಲಿ ಕಟ್ಟಿಸಿದ ಅರಮನೆ ದರಿಯಾ ದೌಲತ್‌ನ ಪಶ್ಚಿಮ ಗೋಡೆಯಲ್ಲಿ 1780ರ ಪೊಳ್ಳಿಲೂರು ಕಾಳಗವಿದೆ. ಕುದುರೆಯ ಮೇಲೆ ಕುದುರೆ, ಸಾಲಿನ ಮೇಲೆ ಸಾಲು. ದೂರದವನು ಚಿಕ್ಕವನಾಗುವುದಿಲ್ಲ, ಯಾರ ನೆರಳೂ ನೆಲಕ್ಕೆ ಬೀಳುವುದಿಲ್ಲ. ಗವರ್ನರ್ ಜನರಲ್ ಡಾಲ್‌ಹೌಸಿಯ ಆಜ್ಞೆಯಂತೆ ಈ ಗೋಡೆಗೆ ಮತ್ತೆ ಬಣ್ಣ ಬಳಿದದ್ದರಿಂದ ಮೂಲದ ಬಣ್ಣವನ್ನು ಇಲ್ಲಿ ಹುಡುಕುವುದು ವ್ಯರ್ಥ, ಆದರೆ ಸಂಯೋಜನೆಯ ಚಪ್ಪಟೆತನಕ್ಕೆ ಅದು ಸಾಕ್ಷಿ ಹೇಳುತ್ತದೆ. ಈ ಚಪ್ಪಟೆತನಕ್ಕೆ ಶಿಲ್ಪ ಗೊತ್ತಿರದಿದ್ದುದು ಕಾರಣವಲ್ಲ. ಐದು ಶತಮಾನ ಮೊದಲೇ ಕೆ.ಆರ್. ಪೇಟೆ ಬಳಿಯ ಹೊಸಹೊಳಲಿನ ಲಕ್ಷ್ಮೀನಾರಾಯಣ ಗುಡಿಯ ಬಳಪದ ಕಲ್ಲಿನಲ್ಲಿ ಆನೆ, ಕುದುರೆ, ಬಳ್ಳಿಗಳ ಪಟ್ಟಿಕೆಗಳನ್ನು ಆಳವಾಗಿ ಕಡೆದಿದ್ದರು. ಕಿಕ್ಕೇರಿಯಲ್ಲಿ 1171ರಷ್ಟು ಹಿಂದೆಯೇ ಬ್ರಹ್ಮೇಶ್ವರ ಗುಡಿ ಎದ್ದಿತ್ತು. ನಾಗಮಂಗಲದ ಸೌಮ್ಯಕೇಶವ, ಪಾಂಡವಪುರದ ತೊಣ್ಣೂರಿನ ನಂಬಿ ನಾರಾಯಣ ಗುಡಿಗಳೂ ದೂರವೇನಲ್ಲ. ಹೊಸಹೊಳಲಿನ ಉಬ್ಬು ಬದುಕುವುದು ನೆರಳಿನಿಂದ. ಕಡೆದ ಸಂದಿಯಲ್ಲಿ ಕತ್ತಲು ನಿಂತಾಗಲೇ ಆನೆಯ ಕಾಲು ಕಲ್ಲಿನಿಂದ ಬೇರಾಗುತ್ತದೆ, ಹೊತ್ತು ಸರಿದಂತೆ ಅದರ ರೂಪವೂ ಸರಿಯುತ್ತದೆ.

ಜೆಸ್ಸೊದ ದಾರಿ ಬೇರೆ. ಸೀಸದ ಬಿಳಿ ಪುಡಿ, ಹಳದಿ ಗೋಂದು, ಅಂಟು ಕಲಸಿ ಒಡವೆ, ಕಿರೀಟ, ಸೀರೆಯಂಚು, ಮಂಟಪದ ಕಮಾನುಗಳ ಮೇಲೆ ಗೆರೆಯಾಗಿ ಎಳೆದು, ಆಮೇಲೆ ಚಿನ್ನದ ರೇಕು ಹಚ್ಚುತ್ತಾರೆ. ದೇವಿಯ ಮುಖ ಉಬ್ಬುವುದಿಲ್ಲ, ಕೈ ಉಬ್ಬುವುದಿಲ್ಲ. ಉಬ್ಬುವುದು ಆಭರಣ ಮಾತ್ರ. ಅಂದರೆ ಇಲ್ಲಿ ದಪ್ಪವು ದೇಹಕ್ಕೆ ಘನತೆ ತರಲು ಬಂದದ್ದಲ್ಲ, ದೀಪದ ಬೆಳಕನ್ನು ಹಿಡಿಯಲು ಬಂದದ್ದು. ಕಲ್ಲಿನಲ್ಲಿ ನೆರಳು ಮಾಡಿದ ಕೆಲಸವನ್ನು ಇಲ್ಲಿ ಹೊಳಪು ಮಾಡುತ್ತದೆ. ಹಾಗಾದರೆ ತಂಜಾವೂರಿನ ಚಿತ್ರ ಇನ್ನೂ ದಪ್ಪವಲ್ಲವೇ, ಕಲ್ಲನ್ನೂ ಗಾಜನ್ನೂ ಕೂರಿಸಿಕೊಂಡು ಅದು ಶಿಲ್ಪದತ್ತ ನಡೆಯಲಿಲ್ಲವೇ ಎಂದು ಕೇಳಬಹುದು. ನಡೆಯಿತು, ಆದರೆ ಒಡವೆಯ ದಿಕ್ಕಿನಲ್ಲಿ. ಮೈಸೂರಿನವರ ಹೆಚ್ಚುಗಾರಿಕೆ ಅಷ್ಟು ಮುಂದೆ ಹೋಗದಿದ್ದುದರಲ್ಲೇ ಇದೆ: ಅವರ ಜೆಸ್ಸೊ ಗೆರೆಯಾಗಿಯೇ ಉಳಿಯಿತು. ಗಿರಾಕಿಯ ಕಣ್ಣಿಗೆಂದು ಅದನ್ನು ದಪ್ಪಗೊಳಿಸುವವರು ಶೈಲಿಯ ಜೀವವನ್ನೇ ಬಿಟ್ಟುಕೊಟ್ಟಂತೆ.

ಚಿತ್ರದಿಂದ ವಸ್ತುವಿನತ್ತ ನಿಜವಾದ ಹೊರಳು ಕಾಣಬೇಕಾದರೆ ಭದ್ರಾವತಿಯಲ್ಲಿ 1957ರಲ್ಲಿ ಹುಟ್ಟಿದ ಶೀಲಾ ಗೌಡರತ್ತ ನೋಡಬೇಕು. ಬೆಂಗಳೂರಿನ ಕೆನ್ ಕಲಾಶಾಲೆ, ಶಾಂತಿನಿಕೇತನ, ಲಂಡನ್‌ನ ರಾಯಲ್ ಕಾಲೇಜ್ ಆಫ್ ಆರ್ಟ್‌ಗಳಲ್ಲಿ ಕಲಿತ ಚಿತ್ರಕಾರ್ತಿ, 1990ರ ದಶಕದಲ್ಲಿ ಸಗಣಿಯನ್ನು ಕೈಗೆತ್ತಿಕೊಂಡರು. ಮುಂದೆ ಸೂಜಿಗಳಲ್ಲಿ ಪೋಣಿಸಿದ ನೂಲಿನ ಎಳೆಗಳಿಗೆ ಕುಂಕುಮ ಬಳಿದು ಹಗ್ಗವಾಗಿಸಿದರು. 2009ರಲ್ಲಿ ವೆನಿಸ್ ಬಿನಾಲೆಯಲ್ಲಿ ಕೂದಲಿನ ಹಗ್ಗಕ್ಕೆ ಕಾರಿನ ಬಂಪರ್‌ಗಳನ್ನು ತೂಗುಹಾಕಿದರು. ಸಗಣಿ, ಕುಂಕುಮ ನಮ್ಮ ಮನೆಯಂಗಳದವೇ, ಆದ್ದರಿಂದ ಇದೂ ಸಂಪ್ರದಾಯವೇ ಎಂಬ ವಾದಕ್ಕೆ ನನ್ನ ತಕರಾರಿಲ್ಲ. ಆದರೆ ಅದು ಜೆಸ್ಸೊದ ಸಂಪ್ರದಾಯವಲ್ಲ. ಜೆಸ್ಸೊದಲ್ಲಿ ಸೀಸ, ಅಂಟು, ಗೋಂದು ಚಿನ್ನದಡಿ ಮರೆಯಾಗಲೇಬೇಕು, ಇಲ್ಲದಿದ್ದರೆ ಕೆಲಸ ಕೆಟ್ಟಂತೆ. ಶೀಲಾ ಗೌಡರಲ್ಲಿ ಕೂದಲು ಕೂದಲಾಗಿಯೇ ಕಾಣಬೇಕು: ಹರಕೆಗೆ ಮುಡಿ ಕೊಟ್ಟವರ, ದೃಷ್ಟಿ ತಾಗದಿರಲೆಂದು ಗಾಡಿಗೆ ಹಗ್ಗ ಕಟ್ಟುವವರ ನೆನಪು ಅದರಿಂದ ಬಿಡಿಸಲಾಗದು.

ಗೋಡೆಯ ಚಪ್ಪಟೆತನಕ್ಕೂ ಕಲ್ಲಿನ ಉಬ್ಬಿಗೂ ಇರುವ ವ್ಯತ್ಯಾಸ ಪುಸ್ತಕದ ಅಚ್ಚಿನಲ್ಲಿ ಕಾಣುವುದಿಲ್ಲ. ದರಿಯಾ ದೌಲತ್ ನೋಡಲು ಹೋದವರು ಅದೇ ದಿನ ಇಳಿಬಿಸಿಲಿನ ಹೊತ್ತಿಗೆ ಹೊಸಹೊಳಲಿಗೂ ಹೋಗಿಬನ್ನಿ, ಕೆ.ಆರ್. ಪೇಟೆ ಮುಟ್ಟಿದರೆ ಗುಡಿ ಹತ್ತಿರವೇ ಇದೆ.